ಘೋಷವಾಕ್ಯದಲ್ಲಿ ಕಂಪನಿಯ ಮುಖ ಕಾಣುತ್ತದೆಯೇ?

ಪರ: ಆಡಿದ ಮಾತು ಕಂಪನಿಯ ಕಾಲಿಗೇ ತೊಡರಿಕೊಳ್ಳುತ್ತದೆ

1962ರಲ್ಲಿ ಅಮೆರಿಕದ ಬಾಡಿಗೆ ಕಾರುಗಳ ವ್ಯವಹಾರದಲ್ಲಿ ಏವಿಸ್ ಎರಡನೆಯ ಸ್ಥಾನದಲ್ಲಿತ್ತು. ಮೊದಲನೆಯದಾದ ಹರ್ಟ್ಸ್ ಬಹಳ ಮುಂದಿತ್ತು. ಏವಿಸ್ ಲಾಭದ ಮುಖ ನೋಡಿ 13 ವರ್ಷಗಳಾಗಿದ್ದವು. ಇಂಥ ಹೊತ್ತಿನಲ್ಲಿ ಬಡಾಯಿ ಕೊಚ್ಚುವವರೇ ಹೆಚ್ಚು. ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿಯ ಪಾಲಾ ಗ್ರೀನ್ ಅದನ್ನು ಬಿಟ್ಟು, ಎರಡನೆಯವರಾಗಿರುವುದನ್ನೇ ಬಂಡವಾಳ ಮಾಡಿಕೊಂಡರು. ‘ವಿ ಟ್ರೈ ಹಾರ್ಡರ್’, ಅಂದರೆ ನಾವು ಹೆಚ್ಚು ಶ್ರಮಪಡುತ್ತೇವೆ, ಎಂದು ಬರೆದರು. ಆ ಸಾಲಿನ ಸುತ್ತಲಿನ ಬರಹ ಇನ್ನೂ ಸೊಗಸು. ಕೊಳಕು ಆ್ಯಶ್‌ಟ್ರೇ, ಅರ್ಧ ಖಾಲಿಯಾದ ಟ್ಯಾಂಕು, ಸವೆದ ವೈಪರ್, ತೊಳೆಯದ ಕಾರು, ಇವೆಲ್ಲ ನಮ್ಮಂಥವರಿಗೆ ದುಬಾರಿ ಎಂದು ಅದು ಹೇಳಿತು. ನಮ್ಮ ಕೌಂಟರಿನ ಮುಂದೆ ಸರದಿ ಸಾಲೂ ಚಿಕ್ಕದು ಎಂದು ತನ್ನನ್ನೇ ಗೇಲಿ ಮಾಡಿಕೊಂಡಿತು. ವರ್ಷ ಕಳೆಯುವಷ್ಟರಲ್ಲಿ ಕಂಪನಿ ಲಾಭಕ್ಕೆ ತಿರುಗಿತು.

ನನಗೆ ಹೆಚ್ಚು ಇಷ್ಟವಾದದ್ದು ಅದೇ ಸರಣಿಯಲ್ಲಿ ಮುಂದೆ ಬಂದ ಒಂದು ಜಾಹೀರಾತು. ಅದರ ಲೇಖಕ ಏವಿಸ್ ಕಾರನ್ನು ಬಾಡಿಗೆಗೆ ಪಡೆದಾಗ ಒಳಗಿನ ಆ್ಯಶ್‌ಟ್ರೇ ತುಂಬಿ ತುಳುಕುತ್ತಿತ್ತಂತೆ. ಅವನು ಅದನ್ನೇ ಬರೆದ. ಜಾಹೀರಾತು ಬರೆದು ಬದುಕುವವನೆಂದ ಮಾತ್ರಕ್ಕೆ ಕೂಲಿಗೆ ಸುಳ್ಳು ಹೇಳುವವನಲ್ಲ, ಹೆಚ್ಚು ಶ್ರಮಪಡುತ್ತೇವೆಂಬ ಮಾತು ಕಂಪನಿಯದು, ಅದರಲ್ಲಿ ಈಗ ಸಿಕ್ಕಿಕೊಂಡಿರುವುದೂ ಕಂಪನಿಯೇ ಎಂಬುದು ಅವನ ವಾದ. ತನ್ನನ್ನು ಹೀಗೆ ಬೈಯುವ ಪುಟವನ್ನು ಏವಿಸ್ ತನ್ನದೇ ದುಡ್ಡಿನಲ್ಲಿ ಅಚ್ಚು ಹಾಕಿಸಿತು. ಘೋಷವಾಕ್ಯಕ್ಕೂ ಬ್ರ್ಯಾಂಡಿನ ಗುರುತಿಗೂ ಏನು ನಂಟು ಎಂದು ಕೇಳಿದವರಿಗೆ ನಾನು ತೋರಿಸುವುದು ಈ ಪುಟವನ್ನೇ. ಮಾತು ಕಂಪನಿಯನ್ನು ಹೊಗಳಬೇಕೆಂದಿಲ್ಲ. ಕಂಪನಿಯನ್ನು ಅದು ಕಟ್ಟಿಹಾಕಿದರೆ ಸಾಕು.

‘ಸ್ಲೋಗನ್’ ಪದ ಹುಟ್ಟಿದ್ದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ರಣಘೋಷದಿಂದ. ರಣಘೋಷ ಶತ್ರುವಿನ ಕಿವಿಗಿಂತ ಹೆಚ್ಚಾಗಿ ಜೊತೆಗಾರರ ಕಿವಿಗೆ. ಗೂಗಲ್‌ನ ‘ಡೋಂಟ್ ಬಿ ಈವಿಲ್’, ಅಂದರೆ ಕೆಡುಕು ಮಾಡಬೇಡ, ಗ್ರಾಹಕರಿಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ಒಳಗಿನವರಿಗೆ ಹೇಳಿದ ಮಾತು. 2018ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಡ್ರೋನ್ ಚಿತ್ರಗಳ ವಿಶ್ಲೇಷಣೆಗೆ ಕಂಪನಿ ನೆರವಾದಾಗ ಸಾವಿರಾರು ಉದ್ಯೋಗಿಗಳು ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದರು. ಆ ಪತ್ರದಲ್ಲಿ ಅವರು ಹಿಡಿದುಕೊಂಡದ್ದು ಆ ಮೂರು ಪದಗಳನ್ನು. ಗೂಗಲ್ ಆ ಗುತ್ತಿಗೆಯನ್ನು ನವೀಕರಿಸಲಿಲ್ಲ. ಯಾರೂ ಓದದ ವಾರ್ಷಿಕ ವರದಿಯನ್ನು ಹಿಡಿದು ಇಷ್ಟು ಮಾಡಿಸಲು ಸಾಧ್ಯವಿತ್ತೇ?

ಒಂದು ಸರ್ವನಾಮವೂ ಗುರುತನ್ನು ಹೊರಬಲ್ಲದು. ಸೌಂದರ್ಯವರ್ಧಕಗಳ ಕಂಪನಿ ಲೊರಿಯಲ್‌ನ ‘ಬಿಕಾಸ್ ಐ ಆ್ಯಮ್ ವರ್ತ್ ಇಟ್’, ಅಂದರೆ ಯಾಕೆಂದರೆ ನಾನು ಅದಕ್ಕೆ ಯೋಗ್ಯಳು, ಎಂಬ ಸಾಲನ್ನು ಬರೆದಾಗ ಇಲಾನ್ ಸ್ಪೆಕ್ಟ್ ಇಪ್ಪತ್ತರ ಹರೆಯದಲ್ಲಿದ್ದರು. ಕೂದಲ ಬಣ್ಣದ ಜಾಹೀರಾತಿನಲ್ಲಿ ಹೆಣ್ಣನ್ನು ಗಂಡಸಿನ ಕಣ್ಣಿಗೆ ಹಬ್ಬವಾಗಿ ನಿಲ್ಲಿಸುವ ಸಹೋದ್ಯೋಗಿಗಳ ಆಲೋಚನೆಗೆ ರೇಗಿ ಬರೆದ ಮಾತು ಅದು. ‘ನಾನು’ ಎಂದು ಮಾತನಾಡುವವಳು ಅಲ್ಲಿ ಹೆಣ್ಣೇ. ಕನ್ನಡದಲ್ಲಿ ‘ಯೋಗ್ಯಳು’ ಎಂದರೆ ಅದು ಇನ್ನೂ ಸ್ಪಷ್ಟ. ಮುಂದೆ ಅದು ‘ನೀವು’ ಆಯಿತು, ‘ನಾವು’ ಆಯಿತು. ಪ್ರತಿ ಬದಲಾವಣೆಯಲ್ಲೂ ಕಂಪನಿ ಯಾರ ಪಕ್ಕದಲ್ಲಿ ನಿಲ್ಲಲು ಹೊರಟಿದೆ ಎಂಬುದು ಗೊತ್ತಾಗುತ್ತದೆ.

ಸುಳ್ಳು ಘೋಷಣೆಗಳಿಲ್ಲವೇ ಎಂದರೆ ಬೇಕಾದಷ್ಟಿವೆ. ತೈಲ ಕಂಪನಿ ಬಿಪಿ 2000ದಲ್ಲಿ ‘ಬಿಯಾಂಡ್ ಪೆಟ್ರೋಲಿಯಂ’ ಎಂದಿತು, ಪೆಟ್ರೋಲಿಯಂನ ಆಚೆಗೆ ಎಂದು. ಆದರೆ ಸುಳ್ಳು ಹೇಳುವವನು ಸಿಕ್ಕ ಸುಳ್ಳನ್ನೆಲ್ಲ ಹೇಳುವುದಿಲ್ಲ, ಆರಿಸಿ ಹೇಳುತ್ತಾನೆ. ತೈಲ ಕಂಪನಿಗೆ ತೈಲದ ಹೆಸರೇ ಮುಜುಗರವಾಗಿತ್ತು ಎಂಬುದನ್ನು ಅದರ ಲೆಕ್ಕಪತ್ರಗಳು ನಮಗೆ ಹೇಳುತ್ತಿರಲಿಲ್ಲ.

ವಿರೋಧ: ಅದಲುಬದಲಾದರೂ ಯಾರಿಗೂ ತಿಳಿಯದ ಮಾತು

ಜಾಹೀರಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ಒಮ್ಮೆ ಒಂದೇ ವಾರದಲ್ಲಿ ಎರಡು ಕೆಲಸ ಬಂದವು, ಒಂದು ಸಿಮೆಂಟ್ ಕಂಪನಿಯದು, ಇನ್ನೊಂದು ವಿಮಾ ಕಂಪನಿಯದು. ಸಿಮೆಂಟಿಗೆ ‘ಇಂದಿನ ಬುನಾದಿ, ನಾಳೆಯ ನೆಮ್ಮದಿ’ ಎಂದು ಬರೆದೆ. ವಿಮೆಗೆ ‘ತಲೆಮಾರಿನ ಭರವಸೆ’ ಎಂದು. ರಾತ್ರಿ ಹನ್ನೊಂದರ ನಿದ್ದೆಗಣ್ಣಿನಲ್ಲಿ ಕಡತಗಳು ಅದಲುಬದಲಾಗಿ ಹೋದವು. ಮರುದಿನ ವಿಮೆಯವರು ‘ಬುನಾದಿ ಎಂಬ ರೂಪಕ ನಮ್ಮ ತತ್ವಕ್ಕೆ ಬಹಳ ಹೊಂದುತ್ತದೆ’ ಎಂದು ಉತ್ತರ ಬರೆದರು. ಸಿಮೆಂಟಿನವರು ಒಂದು ಅಲ್ಪವಿರಾಮ ಸೇರಿಸಬಹುದೇ ಎಂದು ಕೇಳಿದರು. ತಪ್ಪು ನನಗೆ ಗೊತ್ತಾದದ್ದು ಬಿಲ್ಲು ಬರೆಯುವಾಗ. ಎರಡೂ ಆಗಲೇ ಅಚ್ಚಿಗೆ ಹೋಗಿದ್ದವು.

ಘೋಷವಾಕ್ಯದಲ್ಲಿ ಕಂಪನಿಯ ಆತ್ಮವಿದೆ ಎನ್ನುವವರನ್ನು ಕಂಡರೆ ಅಂದಿನಿಂದ ನನಗೆ ನಗು ತಡೆಯಲಾಗುವುದಿಲ್ಲ. ನ್ಯಾಯಾಲಯವೂ ಹೆಚ್ಚುಕಡಿಮೆ ನನ್ನ ಕಡೆಗೇ ಇದೆ. ‘ಉತ್ತಮ ಪದಾರ್ಥ, ಉತ್ತಮ ಪಿಜ್ಜಾ’ ಎಂಬ ಅರ್ಥದ ಪಾಪಾ ಜಾನ್ಸ್ ಘೋಷಣೆ ಜನರ ದಾರಿ ತಪ್ಪಿಸುತ್ತದೆ ಎಂದು ಪಿಜ್ಜಾ ಹಟ್ ದಾವೆ ಹೂಡಿತ್ತು. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಆ ಸಾಲು ತನ್ನಷ್ಟಕ್ಕೆ ಬರೀ ಬಡಾಯಿ, ಸರಿಯೋ ತಪ್ಪೋ ಎಂದು ಅಳೆಯಬಹುದಾದ ಸಂಗತಿಯೇ ಅಲ್ಲ ಎಂದಿತು. ಕಂಪನಿ ಬದುಕಿಕೊಂಡದ್ದು ಹೀಗೆ, ತನ್ನ ಮಾತಿಗೆ ತೂಕವಿದೆ ಎಂದು ಸಾಬೀತಾಗದ್ದರಿಂದ. ಕಾನೂನಿನ ಮುಂದೆ ಗಾಳಿಮಾತು, ಗ್ರಾಹಕನ ಮುಂದೆ ವ್ರತ!

ಹಾಗಾದರೆ ನೈಕಿ? ‘ಜಸ್ಟ್ ಡು ಇಟ್’ ಕೇಳಿದೊಡನೆ ಶೂ ಕಣ್ಣಿಗೆ ಕಟ್ಟುತ್ತದಲ್ಲ ಎನ್ನುತ್ತಾರೆ. ಕನ್ನಡಕ್ಕೆ ತಂದು ನೋಡಿ. ‘ಮಾಡಿಬಿಡು.’ ಆ ‘ಬಿಡು’ವಿನಲ್ಲಿ ‘ಜಸ್ಟ್’ ಪೂರ್ತಿಯಾಗಿ ಬಂದು ಕೂರುತ್ತದೆ, ಇಂಥ ಅನುವಾದ ವರ್ಷಕ್ಕೊಮ್ಮೆ ಒದಗಿದರೆ ಪುಣ್ಯ. ಆದರೆ ಇದರಲ್ಲಿ ಶೂ ಎಲ್ಲಿದೆ? ಓಟ ಎಲ್ಲಿದೆ? ಸಾಲ ಕೊಡುವವನೂ ಮಾಡಿಬಿಡು ಎನ್ನಬಹುದು, ಕಳ್ಳನ ಗೆಳೆಯನೂ ಎನ್ನಬಹುದು. ಕೊಲೆಗಾರನೊಬ್ಬ ಅಂದದ್ದೂ ಉಂಟು. 1977ರಲ್ಲಿ ಯೂಟಾ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾದ ಗ್ಯಾರಿ ಗಿಲ್ಮೋರ್, ಬಂದೂಕುಗಳ ಮುಂದೆ ಕೂತು ‘ಲೆಟ್ಸ್ ಡು ಇಟ್’ ಎಂದಿದ್ದ. 1988ರಲ್ಲಿ ನೈಕಿಗೆ ಸಾಲು ಹುಡುಕುವಾಗ ತಮಗೆ ಹೊಳೆದದ್ದು ಅದೇ ಮಾತು ಎಂದು ಡ್ಯಾನ್ ವೈಡನ್ ತಾವೇ ಹೇಳಿಕೊಂಡಿದ್ದರು. ಕಂಪನಿಯ ಒಡಲಿನಿಂದ ಹುಟ್ಟಿದ್ದು ಅದರಲ್ಲಿ ಏನೂ ಇಲ್ಲ. ವರ್ಷಗಟ್ಟಲೆ ದುಡ್ಡು ಸುರಿದು, ಗೆದ್ದ ಆಟಗಾರರನ್ನು ಪಕ್ಕದಲ್ಲಿ ನಿಲ್ಲಿಸಿ ಅರ್ಥ ತುಂಬಿದರು. ಅದೇ ದುಡ್ಡು, ಅದೇ ಆಟಗಾರರು ‘ಎದ್ದೇಳು’ ಎಂಬ ಮಾತಿನ ಬೆನ್ನಿಗೆ ನಿಂತಿದ್ದರೆ ಇಂದು ನಾವು ‘ಎದ್ದೇಳು’ವಿನ ಮಹಿಮೆಯನ್ನು ಕೊಂಡಾಡುತ್ತಿದ್ದೆವು.

ಎದುರು ಪಕ್ಷದವರು ಬಿಪಿಯನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡದ್ದು ನೋಡಿ ಬೆರಗಾಯಿತು. ನಿಜ ಹೇಳಿದರೂ ಗುರುತು, ಸುಳ್ಳು ಹೇಳಿದರೂ ಗುರುತು ಎಂದಾದರೆ ಆ ವಾದವನ್ನು ಸೋಲಿಸುವುದಾದರೂ ಹೇಗೆ? ಹಸಿರು ಹಳದಿಯ ಹೊಸ ಲಾಂಛನದ ಜೊತೆ ಪೆಟ್ರೋಲಿಯಂನ ಆಚೆಗೆ ಹೊರಟ ಕಂಪನಿ 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ಪೆಟ್ರೋಲಿಯಂಗಾಗಿಯೇ ಕೊರೆಯಿಸುತ್ತಿತ್ತು. ಅಲ್ಲಿನ ಕೊರೆಯುವ ಅಟ್ಟಣೆ ಡೀಪ್‌ವಾಟರ್ ಹೊರೈಜನ್‌ನ ಸ್ಫೋಟದಲ್ಲಿ 11 ಕಾರ್ಮಿಕರು ಸತ್ತರು. ಬಾವಿಯನ್ನು ಮುಚ್ಚಲು 87 ದಿನ ಬೇಕಾದವು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಬಿಪಿ ಎಂಥ ಕಂಪನಿ ಎಂಬುದು ಬಾವಿಯ ಬಾಯಲ್ಲಿ ಗೊತ್ತಾಯಿತು. ಲಾಂಛನದ ಕೆಳಗಿನ ಅಕ್ಷರಗಳು ಅದನ್ನು ಹತ್ತು ವರ್ಷ ಮರೆಮಾಡಿದ್ದವು, ಅಷ್ಟೆ.

ಗೂಗಲ್ ಉದ್ಯೋಗಿಗಳ ಪತ್ರದ ವಿಷಯದಲ್ಲಿ ಒಂದಿಷ್ಟು ಒಪ್ಪುತ್ತೇನೆ. ಸಹಿ ಹಾಕಿದವರ ಧೈರ್ಯ ದೊಡ್ಡದು. ಆದರೆ ಆ ಧೈರ್ಯ ಅವರದು, ವಾಕ್ಯದ್ದಲ್ಲ. ಅದೇ 2018ರಲ್ಲಿ ಕಂಪನಿಯ ನೀತಿಸಂಹಿತೆಯ ಮುನ್ನುಡಿಯಿಂದ ‘ಕೆಡುಕು ಮಾಡಬೇಡ’ ಮಾಯವಾಗಿ, ಕಟ್ಟಕಡೆಯ ಸಾಲಿನಲ್ಲಿ ಮಾತ್ರ ಉಳಿಯಿತು. ಮನೆಯ ಹಿರಿಯರನ್ನು ಜಗಲಿಯಿಂದ ಹಿತ್ತಿಲ ಕೋಣೆಗೆ ಸಾಗಿಸಿದ ಹಾಗೆ.

ಇನ್ನು ಏವಿಸ್. ಆ ಜಾಹೀರಾತು ನನಗೂ ಇಷ್ಟ, ಸುಳ್ಳೇಕೆ ಹೇಳಲಿ. ಆದರೂ 50 ವರ್ಷ ಕಂಪನಿಯನ್ನು ಕಟ್ಟಿಹಾಕಿತ್ತು ಎನ್ನಲಾದ ಆ ಹಗ್ಗವನ್ನು ಏವಿಸ್ 2012ರಲ್ಲಿ ಬಿಚ್ಚಿಟ್ಟು, ‘ಇಟ್ಸ್ ಯುವರ್ ಸ್ಪೇಸ್’ ಎಂಬ ಹೊಸ ಸಾಲನ್ನು ಎತ್ತಿಕೊಂಡಿತು. ಇದು ನಿಮ್ಮ ಜಾಗ ಎಂದು ಅರ್ಥ. ಹೋಟೆಲಿನವರು, ಗೋದಾಮಿನವರು, ಸ್ಮಶಾನದವರು ಯಾರು ಬೇಕಾದರೂ ಎರವಲು ಪಡೆಯಬಹುದಾದ ಮಾತು. ಅಂದಿನಿಂದ ಶ್ರಮ ಕಡಿಮೆಯಾಯಿತೇ ಎಂದು ಆ್ಯಶ್‌ಟ್ರೇ ತೆರೆದು ನೋಡೋಣವೆಂದರೆ, ಆ ಹೊತ್ತಿಗೆ ಹೊಸ ಕಾರುಗಳಲ್ಲಿ ಆ್ಯಶ್‌ಟ್ರೇಯೇ ಅಪರೂಪವಾಗಿತ್ತು.