ನಿಮ್ಮ ಎಕ್ಸೆಲ್‌ಗೆ ಹೊಂದದ್ದೆಲ್ಲ ಬಗ್ ಅಲ್ಲ ಸ್ವಾಮಿ

"ನಂಬರ್ ಟ್ಯಾಲಿ ಆಗ್ತಿಲ್ಲ, ಸರಿ ಮಾಡಿ." ಅಂಕಿಅಂಶದ ಸಾಫ್ಟ್‌ವೇರ್ ಬರೆಯೋ ನಮಗೆ ಬರೋ ಟಿಕೆಟ್‌ನಲ್ಲಿ (ದೂರಿನ ಚೀಟಿ) ಇರೋದು ಇಷ್ಟೇ, ಜೊತೆಗೊಂದು ಎಕ್ಸೆಲ್ ಸ್ಕ್ರೀನ್‌ಶಾಟ್. ಡೇಟಾ ಇಲ್ಲ, ವರ್ಷನ್ ಇಲ್ಲ, ಯಾವ ಸೂತ್ರ ಅಂತ ಒಂದಕ್ಷರ ಇಲ್ಲ. ಪ್ರಯಾರಿಟಿ ಮಾತ್ರ ಅರ್ಜೆಂಟ್!

ಯಾವ ನಂಬರಿಗೆ ಟ್ಯಾಲಿ ಮಾಡೋದು? 1, 2, 3, 4 ತಗೊಳ್ಳಿ, ನಾಲ್ಕೇ ನಾಲ್ಕು. ಮೊದಲ ಕ್ವಾರ್ಟೈಲ್, ಅಂದರೆ ಕೆಳಗಿನ ಕಾಲು ಭಾಗವನ್ನು ಬೇರ್ಪಡಿಸೋ ಬೆಲೆ, ಎಷ್ಟು? ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ ಆರ್ (R) ಡೀಫಾಲ್ಟ್‌ನಲ್ಲಿ, ಅಂದರೆ ನಾವೇನೂ ಆರಿಸದಿದ್ದಾಗ, 1.75 ಕೊಡುತ್ತೆ. ಅದೇ ಥರದ ಸಾಫ್ಟ್‌ವೇರ್ ಸ್ಯಾಸ್‌ನ (SAS) ಡೀಫಾಲ್ಟ್ 1.5. ಎಕ್ಸೆಲ್ ಒಂದರಲ್ಲೇ ಎರಡು ಉತ್ತರ: QUARTILE.INC ಸೂತ್ರ ಹಾಕಿದರೆ 1.75, QUARTILE.EXC ಹಾಕಿದರೆ 1.25. ಇದರಲ್ಲಿ ಒಂದೂ ತಪ್ಪಲ್ಲ. ಕ್ವಾರ್ಟೈಲ್ ಲೆಕ್ಕ ಹಾಕೋ ಆರ್‌ನ ಕ್ವಾಂಟೈಲ್ ಫಂಕ್ಷನ್ ಒಂದರಲ್ಲೇ 9 ವಿಧಾನಗಳಿವೆ, ಡೀಫಾಲ್ಟ್ 7ನೆಯದು. "ಟೈಪ್ 7" ಅಂತ ಸ್ಪೆಕ್‌ನಲ್ಲಿ (ಏನು ಬೇಕು ಅನ್ನೋ ವಿವರಣೆಯಲ್ಲಿ) ಬರೆಯೋಕೆ ಎಷ್ಟು ಹೊತ್ತು ಬೇಕು? ಬರೆಯಲ್ಲ. ಆಮೇಲೆ ಬೈಗುಳ ಮಾತ್ರ ನಮಗೆ.

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳೋ ಸ್ಟ್ಯಾಂಡರ್ಡ್ ಡೀವಿಯೇಶನ್ನೂ ಹಾಗೇ. ಅದೇ ನಾಲ್ಕು ಅಂಕಿಗೆ ಪೈಥಾನ್ ಭಾಷೆಯ ಎರಡು ಲೈಬ್ರರಿಗಳ (ರೆಡಿಮೇಡ್ ಕೋಡ್) ಉತ್ತರ: ನಂಪೈ 1.118, ಪಾಂಡಾಸ್ 1.291. ಮೊದಲನೆಯದು ಎನ್‌ನಿಂದ (ಅಂಕಿಗಳ ಎಣಿಕೆ) ಭಾಗಿಸುತ್ತೆ, ಎರಡನೆಯದು ಎನ್ ಮೈನಸ್ 1ರಿಂದ. 2.5 ರೌಂಡ್ ಮಾಡಿದರೆ ಪೈಥಾನ್ 2, ಎಕ್ಸೆಲ್ 3.

ಸ್ಟ್ಯಾಂಡರ್ಡ್ ಡೀವಿಯೇಶನ್‌ನ ವರ್ಗವೇ ವೇರಿಯನ್ಸ್. ಅದಕ್ಕೆ ಇನ್ನು ಕೆಲವರ ಸಲಹೆ: "ಲೈಬ್ರರಿ ಯಾಕೆ, ವೇರಿಯನ್ಸ್ ತಾನೇ? ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆದರೆ ಆಯ್ತಲ್ಲ." ಪುಸ್ತಕದಲ್ಲಿ ಆಯ್ತು. ಮೆಷಿನ್‌ನಲ್ಲಿ 1000000001, 1000000002, 1000000003 ಕೊಟ್ಟು ನೋಡಿ. ವರ್ಗ 10ರ 18ನೇ ಘಾತದ ಹತ್ತಿರ ಹೋಗುತ್ತೆ. ಮೆಷಿನ್ ದಶಮಾಂಶ ಸಂಖ್ಯೆ ಇಡೋ ಸಾಮಾನ್ಯ ಮಾದರಿಯಾದ ಡಬಲ್‌ಗೆ ನಿಖರತೆಗೆ ಇರೋದು 53 ಬಿಟ್; ಅದರಲ್ಲಿ ಅಷ್ಟು ದೊಡ್ಡ ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರವೇ 128! ನಮಗೆ ಬೇಕಾದ ಉತ್ತರ 1ರ ಆಸುಪಾಸಿನದು, ಅದು ಅಲ್ಲೇ ಕೊಚ್ಚಿಹೋಯ್ತು. ಇಂಥ ಲೆಕ್ಕದಲ್ಲಿ ವೇರಿಯನ್ಸ್ ನೆಗೆಟಿವ್ ಬರೋದೂ ಉಂಟು, ಅದಕ್ಕೆ ವರ್ಗಮೂಲ ತೆಗೆದರೆ ನ್ಯಾನ್ (NaN, ಅಂದರೆ ಸಂಖ್ಯೆಯೇ ಅಲ್ಲ). ಮೊದಲು ಸರಾಸರಿ ಕಳೆದು ಆಮೇಲೆ ವರ್ಗ ಮಾಡಿ, ಇಲ್ಲಾ ಒಂದೊಂದೇ ಅಂಕಿ ಬಂದ ಹಾಗೆ ಸರಾಸರಿ, ವೇರಿಯನ್ಸ್ ತಿದ್ದುತ್ತ ಹೋಗೋ ವೆಲ್‌ಫೋರ್ಡ್ ವಿಧಾನ ಹಾಕಿ. ಅದು 1962ರಿಂದ ಇದೆ, ಹೊಸದೇನಲ್ಲ.

ಕೊನೇ ದಶಮಾಂಶ ಬೇರೆ ಅಂತ ಗಲಾಟೆ ಮಾಡೋರು ಇನ್ನೊಂದು ಕಡೆ. ಫ್ಲೋಟ್‌ಗಳನ್ನು (ಡಬಲ್‌ನಂಥ ದಶಮಾಂಶ ಸಂಖ್ಯೆಗಳನ್ನು) ಕೂಡುವ ಕ್ರಮ ಬದಲಾದರೆ ಮೊತ್ತದ ಬಾಲ ಬದಲಾಗುತ್ತೆ; ಲೆಕ್ಕ ಹಂಚಿಕೊಳ್ಳೋ ಪ್ರೊಸೆಸರ್ ಕೋರ್‌ಗಳು 8ರಿಂದ 16ಕ್ಕೆ ಹೋದರೂ ಸಾಕು. ಅದಕ್ಕೇ ಟಾಲರೆನ್ಸ್, ಅಂದರೆ ಇಷ್ಟು ವ್ಯತ್ಯಾಸ ಪರವಾಗಿಲ್ಲ ಅನ್ನೋ ಮಿತಿ, ಇರೋದು. ಆದರೆ ಅದನ್ನೂ ಕಣ್ಣುಮುಚ್ಚಿ ಹಾಕ್ತಾರೆ. ಎರಡು ಸಂಖ್ಯೆ ಹೆಚ್ಚುಕಮ್ಮಿ ಸಮವೇ ಅಂತ ನೋಡೋ ನಂಪೈ ಈಸ್‌ಕ್ಲೋಸ್‌ನಲ್ಲಿ ಎಟಾಲ್ (ನೇರ ವ್ಯತ್ಯಾಸದ ಮಿತಿ) ಡೀಫಾಲ್ಟ್ 0.00000001. ಪಿ-ವ್ಯಾಲ್ಯೂ ಅನ್ನೋ ಸಂಭವನೀಯತೆ 0.0000000001 ಇರಬೇಕಾದಲ್ಲಿ 0.0000000002 ಬಂದರೂ ಎರಡೂ ಸಮ ಅನ್ನುತ್ತೆ. ಉತ್ತರ ಎರಡು ಪಟ್ಟು ತಪ್ಪು, ಆದರೂ ಟೆಸ್ಟ್ ಹಸಿರು (ಪಾಸ್). ಎಟಾಲ್ ಸೊನ್ನೆ ಮಾಡಿ, ಆರ್‌ಟಾಲ್ (ಸಂಖ್ಯೆಯ ಗಾತ್ರಕ್ಕೆ ತಕ್ಕ ಮಿತಿ) ಮಾತ್ರ ಕೊಡಿ ಅಂತ ಕೋಡ್ ರಿವ್ಯೂನಲ್ಲಿ ಬರೆದರೆ ಬರೋ ಉತ್ತರ: "ಪಾಸ್ ಆಗ್ತಿದೆಯಲ್ಲ, ಈಗ್ಯಾಕೆ ಮುಟ್ಟೋದು?"