ತಮ್ಮ ಸ್ವತ್ತನ್ನು ತಾವೇ ಕದ್ದವರು

ಟಿವಿ ಕಾರ್ಯಕ್ರಮದ ತುಣುಕುಗಳನ್ನು ಕತ್ತರಿಸಿ ಯೂಟ್ಯೂಬಿಗೆ ಏರಿಸುವವರಲ್ಲಿ ಒಂದು ದಿವ್ಯ ಸಂಪ್ರದಾಯವಿದೆ. ವಿಡಿಯೊದ ಕೆಳಗೆ ‘ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶ ನಮಗಿಲ್ಲ’ ಎಂದು ಬರೆದುಬಿಟ್ಟರೆ ಸಕಲ ಪಾಪವೂ ಪರಿಹಾರವಾಯಿತೆಂದು ಅವರು ನಂಬುತ್ತಾರೆ. ಕಳ್ಳನಿಗೊಂದು ಪಿಳ್ಳೆ ನೆವ. ಕಾನೂನು ಈ ಮಂತ್ರಕ್ಕೆ ಕಿವಿಗೊಡುವುದಿಲ್ಲವೆಂದು ಅರಿತ ಚತುರರು, ಹೋಲಿಕೆ ಹುಡುಕುವ ಯಂತ್ರದ ಕಣ್ಣು ತಪ್ಪಿಸಲು, ದೃಶ್ಯವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಡುತ್ತಾರೆ. ಆಗ ವಾಹಿನಿಯ ಲಾಂಛನ ಹಿಂದುಮುಂದಾಗಿ, ಬ್ರೇಕಿಂಗ್ ನ್ಯೂಸ್ ಪಟ್ಟಿ ದಿಕ್ಕು ತಪ್ಪಿ ಹರಿದು, ಬಲಗೈ ಬ್ಯಾಟ್ಸ್‌ಮನ್‌ಗಳೆಲ್ಲ ರಾತ್ರೋರಾತ್ರಿ ಎಡಗೈಯವರಾಗುತ್ತಾರೆ.

ಇಂಥವರನ್ನು ಹಿಡಿಯಲೆಂದು 2007ರಲ್ಲಿ ಯೂಟ್ಯೂಬ್ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆಯನ್ನು ತಂದಿತು. ವಾಹಿನಿಗಳು ತಮ್ಮ ಕಾರ್ಯಕ್ರಮದ ಪ್ರತಿಯನ್ನು ಅದರ ವಶಕ್ಕೊಪ್ಪಿಸಿದರೆ ಸಾಕು, ಅದು ಅಲ್ಲಿನ ವಿಡಿಯೊಗಳನ್ನೆಲ್ಲ ಜಾಲಾಡಿ ಹೋಲಿಕೆ ಕಂಡಲ್ಲೆಲ್ಲ ವಾಹಿನಿಯ ಹೆಸರಿನಲ್ಲಿ ಆಕ್ಷೇಪದ ಮುದ್ರೆಯೊತ್ತುತ್ತದೆ. ಯಾರದು ಮೊದಲು, ಯಾರದು ಆಮೇಲೆ ಎಂಬ ಕ್ಷುಲ್ಲಕ ವಿಚಾರಗಳಿಗೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ.

2016ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯ ಆನಿಮೇಷನ್ ಧಾರಾವಾಹಿಯೊಂದು, ಯಾರೋ 2009ರಲ್ಲಿ ಯೂಟ್ಯೂಬಿಗೆ ಹಾಕಿದ್ದ ಹಳೆಯ ಬಾಸ್ಕೆಟ್‌ಬಾಲ್ ವಿಡಿಯೊ ಗೇಮಿನ ತುಣುಕನ್ನು ಎತ್ತಿಕೊಂಡು ತನ್ನ ಕಂತಿನಲ್ಲಿ ಬಳಸಿತು. ಕಂತು ಪ್ರಸಾರವಾದದ್ದೇ ತಡ, ಏಳು ವರ್ಷಗಳಿಂದ ತನ್ನ ಪಾಡಿಗೆ ತಾನಿದ್ದ ಮೂಲ ತುಣುಕು ಫಾಕ್ಸ್‌ನ ಸ್ವತ್ತನ್ನು ಕದ್ದ ಆರೋಪದ ಮೇಲೆ ಮಾಯವಾಯಿತು. ಅಂದರೆ, 2016ರಲ್ಲಿ ತಯಾರಾಗಲಿದ್ದ ಕಾರ್ಯಕ್ರಮವನ್ನು ಆ ಮಹಾನುಭಾವ 2009ರಲ್ಲೇ ಕದ್ದಿದ್ದ! ಇಷ್ಟು ದೂರದೃಷ್ಟಿಯುಳ್ಳ ಕಳ್ಳನಿಗೆ ಶಿಕ್ಷೆಯ ಬದಲು ಯೋಜನಾ ಖಾತೆಯನ್ನೇ ವಹಿಸಬಹುದಿತ್ತು. ಸುದ್ದಿಯಾಗಿ ಗದ್ದಲವೆದ್ದ ಮೇಲೆ ತುಣುಕು ಮರಳಿ ಬಂದಿತು.

ಸರ್ಕಾರಿ ಸಂಸ್ಥೆಗಳಿಗೂ ವಿನಾಯಿತಿಯಿಲ್ಲ. 2012ರ ಆಗಸ್ಟ್‌ನಲ್ಲಿ ಕ್ಯೂರಿಯಾಸಿಟಿ ರೋವರ್ ಮಂಗಳನ ಮೇಲಿಳಿದಾಗ ನಾಸಾ ತನ್ನದೇ ಚಾನೆಲ್‌ನಲ್ಲಿ ಹಾಕಿದ ತನ್ನದೇ ವಿಡಿಯೊ, ಸುದ್ದಿಸಂಸ್ಥೆಯೊಂದರ ಹೆಸರಿನ ಆಕ್ಷೇಪಕ್ಕೆ ಸಿಲುಕಿ ಕೆಲಹೊತ್ತು ಕಣ್ಮರೆಯಾಯಿತು. ಕೋಟ್ಯಂತರ ಕಿಲೋಮೀಟರ್ ಸುರಕ್ಷಿತವಾಗಿ ದಾಟಿದ ರೋವರ್‌ಗೆ ಯೂಟ್ಯೂಬಿನ ಹೊಸ್ತಿಲು ದಾಟಲಾಗಲಿಲ್ಲ.

ಸ್ಥಿರಚಿತ್ರಗಳ ವ್ಯವಹಾರವಂತೂ ಇನ್ನೂ ನಯವಾದದ್ದು. ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ತಮ್ಮ ಸಾವಿರಾರು ಚಿತ್ರಗಳನ್ನು ಸರ್ವರೂ ಬಳಸಲಿ ಎಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟವರು. ಅವರ ಸಂಸ್ಥೆಗೇ ಒಂದು ದಿನ, ಅವರೇ ತೆಗೆದ ಚಿತ್ರವನ್ನು ಪರವಾನಗಿಯಿಲ್ಲದೆ ಬಳಸಿದ್ದಕ್ಕಾಗಿ 120 ಡಾಲರ್ ಪಾವತಿಸಬೇಕೆಂಬ ಪತ್ರ, ಚಿತ್ರಗಳನ್ನು ಮಾರುವ ಕಂಪನಿಯೊಂದರ ಪರವಾಗಿ ಬಂದಿತು. ಅವರು ನ್ಯಾಯಾಲಯಕ್ಕೆ ಹೋದರು. ಚಿತ್ರಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗಿರುವುದರಿಂದ ಅವರ ಹಕ್ಕುಸ್ವಾಮ್ಯದ ವಾದ ನಿಲ್ಲಲಿಲ್ಲ. ಉದಾರಿಗಳು ಇದನ್ನು ಗಮನಿಸತಕ್ಕದ್ದು.

ಆಕ್ಷೇಪವನ್ನು ಪ್ರಶ್ನಿಸುವ ಅವಕಾಶವೇ ಇಲ್ಲವೆಂದು ದೂರುವುದು ಮಾತ್ರ ಅನ್ಯಾಯವಾದೀತು. ಟಿವಿ ಕಾರ್ಯಕ್ರಮವೊಂದು ಕಳಪೆಯಾಗಿದೆಯೆಂದು ತೋರಿಸಲು ನೀವು ಹತ್ತು ಸೆಕೆಂಡಿನ ತುಣುಕು ಬಳಸಿ, ಅದು ವಿಮರ್ಶೆಗಾಗಿ ಮಾಡಿದ ನ್ಯಾಯಯುತ ಬಳಕೆಯೆಂದು ತಕರಾರು ಸಲ್ಲಿಸಿದರೆ, ಕಂಟೆಂಟ್ ಐಡಿಯ ನಿಯಮದಂತೆ ಅದು ನೇರವಾಗಿ ಆಕ್ಷೇಪಿಸಿದವರ ಬಳಿಗೇ ಹೋಗುತ್ತದೆ. ಯೋಚಿಸಿ ಉತ್ತರಿಸಲು ಅವರಿಗೆ 30 ದಿನಗಳ ಕಾಲಾವಕಾಶವಿದೆ. ತಮ್ಮ ಕಾರ್ಯಕ್ರಮ ಕಳಪೆಯೆಂಬ ನಿಮ್ಮ ವಾದ ಅವರಿಗೆ ಹಿಡಿಸದಿದ್ದರೆ ನೀವು ಮೇಲ್ಮನವಿ ಸಲ್ಲಿಸಬಹುದು. ಅದನ್ನು ಓದುವವರೂ ಅವರೇ.