ಬಿಪಿಎಲ್ ಕಾರ್ಡು ಮಾಡಿಸಿಕೊಂಡ ಆಂಪ್ಲಿಫೈಯರ್

ರೇಷನ್ ಕಾರ್ಡಿನ ಅರ್ಜಿಯಲ್ಲಿ ಆದಾಯ ವರ್ಷಕ್ಕೆ 1.20 ಲಕ್ಷದೊಳಗೆ. ಮಗನ ಮದುವೆ ಮಾತುಕತೆಯಲ್ಲಿ ತಿಂಗಳಿಗೇ ಅಷ್ಟು. ಈ ವಿದ್ಯೆ ಮನುಷ್ಯರಿಗೆ ಮಾತ್ರ ಒಲಿದಿದೆ ಅಂದುಕೊಳ್ಳಬೇಡಿ. ಕಾರಿನ ಡಿಕ್ಕಿಯಲ್ಲಿ ಮಲಗಿ ಸ್ಪೀಕರಿಗೆ ಶಕ್ತಿ ತುಂಬುವ ಆಂಪ್ಲಿಫೈಯರೂ ಇದರಲ್ಲಿ ಪಳಗಿದೆ. ಅಂಗಡಿಯಲ್ಲಿ ಅದು ಕೋಟ್ಯಧಿಪತಿ, ಸ್ಪರ್ಧೆಯ ಮೈದಾನದಲ್ಲಿ ಕಡುಬಡವ.

ಮೊದಲು ಸಿರಿವಂತಿಕೆ ನೋಡೋಣ. 1902ರಲ್ಲೇ ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗೆ ಬಂದ ಜಿಲ್ಲೆ ಕೋಲಾರ. ವ್ಯಾಟು ಅಂದರೇನು ಅಂತ ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಕಾರ್ ಡೆಕೋರ್ ಅಂಗಡಿಯ ಕಪಾಟಿನಲ್ಲಿ ಮೊಳದುದ್ದದ ಅಲ್ಯೂಮಿನಿಯಂ ಪೆಟ್ಟಿಗೆ, ಅದರ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್, ಕೆಳಗೆ ‘3000 ವ್ಯಾಟ್’ ಅಂತ ಬೆಳ್ಳಿ ಅಕ್ಷರ ಕಂಡರೆ ಎಲ್ಲರೂ ತಲೆಬಾಗುತ್ತಾರೆ. “ಅಣ್ಣ, ಬಾಸ್ ಹೊಡೆದ್ರೆ ಗಾಜು ಅದುರ್ತದೆ” ಅಂತಾನೆ ಅಂಗಡಿಯ ಹುಡುಗ.

ಡ್ರ್ಯಾಗನ್ನನ್ನು ಬಿಟ್ಟು ಪೆಟ್ಟಿಗೆಯ ಪಕ್ಕಕ್ಕೆ ತಿರುಗಿಸಿ. ಕರೆಂಟ್ ಒಳಗೆ ಹೋಗುವ ಕಡೆ ಹಸಿರು ಬಣ್ಣದ ಎರಡು ಬ್ಲೇಡ್ ಫ್ಯೂಸ್, ಒಂದೊಂದೂ 30 ಆಂಪಿಯರ್. 60 ಆಂಪಿಯರನ್ನು ಇಂಜಿನ್ ಓಡುವಾಗಿನ 14.4 ವೋಲ್ಟಿನಿಂದ ಗುಣಿಸಿದರೆ 864 ವ್ಯಾಟ್. ಇದು ಒಳಗೆ ಹೋಗುವ ಲೆಕ್ಕ. ಆಂಪ್ಲಿಫೈಯರು ಕರೆಂಟು ಉಳಿಸುವ ಕ್ಲಾಸ್ ಡಿ ಜಾತಿಯದ್ದಾಗಿದ್ದರೆ ಅದರಲ್ಲಿ ಶೇ. 80 ಹೊರಗೆ ಬರುತ್ತದೆ, ಅಂದರೆ 690ರ ಆಸುಪಾಸು. ಕ್ಲಾಸ್ ಎಬಿ ಆದರೆ ಅರ್ಧದಷ್ಟು ಬಂದರೆ ಪುಣ್ಯ, ಉಳಿದದ್ದು ಡಿಕ್ಕಿಯನ್ನು ಕಾಯಿಸಲು. ಫ್ಯೂಸು ಕ್ಷಣಕಾಲ ಹೆಚ್ಚಿನ ಕರೆಂಟನ್ನು ತಾಳುತ್ತದೆ ನಿಜ, ಆದರೆ ಹಾಡು ಕ್ಷಣಕಾಲದ್ದಲ್ಲವಲ್ಲ. ನಿಜಕ್ಕೂ 3000 ವ್ಯಾಟ್ ಕೊಡಬೇಕಾದರೆ ಸುಮಾರು 260 ಆಂಪಿಯರ್ ಎಳೆಯಬೇಕು. ಇಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಸಣ್ಣ ಕಾರಿನಲ್ಲಿ ಕೊಡುವುದು 60ರಿಂದ 90. ಅದರಲ್ಲೇ ಹೆಡ್‌ಲೈಟು, ಎಸಿ ಬ್ಲೋವರು, ಇಂಜಿನ್ನಿನ ಸಂಸಾರ ಎಲ್ಲಾ ನಡೆಯಬೇಕು.

ಡ್ಯಾಶ್‌ಬೋರ್ಡಿನ ಸ್ಟೀರಿಯೋ ಕೂಡ ಸತ್ಯಹರಿಶ್ಚಂದ್ರನ ವಂಶದ್ದಲ್ಲ. ಅದರ ಮುಖದ ಮೇಲಿನ ‘50 ವ್ಯಾಟ್ × 4’ ಎಲ್ಲಿಂದ ಬಂತು? 14.4ರ ವರ್ಗವನ್ನು ಸ್ಪೀಕರಿನ ತಡೆಯಾದ 4 ಓಮ್‌ನಿಂದ ಭಾಗಿಸಿದರೆ 51.84. ಅಂದರೆ ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ಚೌಕಾಕಾರದ ಅಲೆಯಾಗಿ ಸ್ಪೀಕರಿಗೆ ತುರುಕಿದಾಗಿನ ಲೆಕ್ಕ. ಆ ಸದ್ದನ್ನು ಸಂಗೀತ ಅನ್ನಲಾಗದು, ಗರಗಸ ಅನ್ನಬಹುದು. ಶುದ್ಧವಾಗಿ ಸಿಗುವುದು ಚಾನೆಲ್ಲಿಗೆ 20 ವ್ಯಾಟಿನ ಹತ್ತಿರ. ನಾಲ್ಕು ಚಾನೆಲ್ ಸೇರಿ 200 ವ್ಯಾಟ್ ಅನ್ನುವ ಸ್ಟೀರಿಯೋದ ಹಿಂದೆ 10 ಆಂಪಿಯರ್ ಫ್ಯೂಸ್ ಕಂಡರೆ ನಗಬೇಡಿ, ಅದಕ್ಕೂ ಮಾನ ಇದೆ.

ಇನ್ನು ಫಿಟಿಂಗು. 3000 ವ್ಯಾಟಿನ ಮಹಾರಾಜನಿಗೆ ಉಚಿತವಾಗಿ ಬರುವ ವೈರ್ ಕಿಟ್ಟು ತಾಮ್ರ ಬಳಿದ ಅಲ್ಯೂಮಿನಿಯಂ. ಹೊರಗೆ ದಪ್ಪ ಪ್ಲಾಸ್ಟಿಕ್, ಒಳಗೆ 4 ಚದರ ಮಿಲಿಮೀಟರ್ ಲೋಹ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಎಳೆದು 60 ಆಂಪಿಯರ್ ಹರಿಸಿದರೆ ಪ್ಲಸ್ ವೈರೊಂದರಲ್ಲೇ 2 ವೋಲ್ಟ್ ಖೋತಾ. 21 ಚದರ ಮಿಲಿಮೀಟರಿನ ಅಪ್ಪಟ ತಾಮ್ರ ಹಾಕಿದ್ದರೆ ಕಾಲು ವೋಲ್ಟಿನಲ್ಲಿ ಮುಗಿಯುತ್ತಿತ್ತು. ಅರ್ತ್ ವೈರನ್ನು ಪೇಂಟ್ ಕೆರೆಯದೆ ಸೀಟಿನ ಬೋಲ್ಟಿಗೆ ಸಿಕ್ಕಿಸುವುದು ಇನ್ನೊಂದು ಪದ್ಧತಿ. ಬಾಸ್ ಬಿದ್ದಾಗಲೆಲ್ಲ ಹೆಡ್‌ಲೈಟ್ ಮಿಣುಕುತ್ತದೆ, ಎದುರಿಗೆ ಬರುವವರು ದಾರಿ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಸದ್ದು ಸಾಲದೆಂದು ಗೇನ್ ಎಂಬ ಗುಂಡಿ ತಿರುವಿದರೆ ಅಲೆಯ ತಲೆ ಕತ್ತರಿಸಿ, ಬಾಸ್ ಸ್ಪೀಕರಾದ ವೂಫರಿನ ಒಳಗಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಸುಟ್ಟ ವಾಸನೆ. “ಅಣ್ಣ, ನಿಮ್ಮ ವೂಫರ್ ವೀಕು, ದೊಡ್ಡದು ಹಾಕಿಸಿ.”

ಈಗ ಬಡತನದ ಅಧ್ಯಾಯ, ಇದು ಅಮೆರಿಕದ್ದು. 1980ರ ದಶಕದ ಕೊನೆಯಿಂದ ಅಲ್ಲಿ ಬೆಳೆದ ಕಾರ್ ಆಡಿಯೋ ಸ್ಪರ್ಧೆಗಳು ಆಂಪ್ಲಿಫೈಯರಿನ ಮೇಲೆ ಬರೆದ ವ್ಯಾಟ್ ನೋಡಿ ಸ್ಪರ್ಧಿಗಳನ್ನು ಕ್ಲಾಸುಗಳಾಗಿ ವಿಂಗಡಿಸುತ್ತಿದ್ದವು. ಕಡಿಮೆ ವ್ಯಾಟಿನವನಿಗೆ ಕಡಿಮೆ ವ್ಯಾಟಿನವನೇ ಎದುರಾಳಿ ಅನ್ನುವ ಸದುದ್ದೇಶ. ಸರ್ಟಿಫಿಕೇಟು ಕೊಡುವವನು ಮಾತ್ರ ತಯಾರಕನೇ! ಹುಟ್ಟಿಕೊಂಡವು ‘ಚೀಟರ್ ಆಂಪ್’ಗಳು. ಓರಿಯನ್ 225 ಎಚ್‌ಸಿಸಿಎ ಎಂಬ ಮಹಾನುಭಾವನ ಘೋಷಿತ ಆದಾಯ 4 ಓಮ್‌ನಲ್ಲಿ ಚಾನೆಲ್ಲಿಗೆ 25 ವ್ಯಾಟ್. ಆದರೆ ಒಳಗಿನ ಪವರ್ ಸಪ್ಲೈ ಅರ್ಧ ಓಮ್ ಲೋಡನ್ನೂ ಹೊರುವಷ್ಟು ಗಟ್ಟಿ. ಓಮ್ ಅರ್ಧವಾದಂತೆ ವ್ಯಾಟ್ ದುಪ್ಪಟ್ಟು: 2 ಓಮ್‌ಗೆ 50, 1 ಓಮ್‌ಗೆ 100, ಅರ್ಧ ಓಮ್‌ಗೆ 200. ಓಮ್ ಇಳಿಸಲು ವೂಫರುಗಳನ್ನು ಪ್ಯಾರಲಲ್ ಜೋಡಿಸಿದರಾಯಿತು. ರೇಟಿಂಗನ್ನು 12 ವೋಲ್ಟಿನಲ್ಲಿ ಬರೆದು ಮೈದಾನದಲ್ಲಿ 14.4 ಕೊಟ್ಟರೆ, ವೋಲ್ಟೇಜ್ ರೆಗ್ಯುಲೇಟ್ ಮಾಡದ ಆಂಪಿನಲ್ಲಿ ಮತ್ತೆ ಶೇ. 44 ಏರಿಕೆ. ಬಡವರ ಕ್ಲಾಸಿನಲ್ಲಿ ನಿಂತು ನಿಜವಾದ ಬಡವರನ್ನು ಬಡಿದು ಟ್ರೋಫಿ ಎತ್ತಿಕೊಂಡು ಹೋಗುವುದು. ನಮ್ಮಲ್ಲಿ ಕಾರಿನಲ್ಲಿ ಬಂದು ರೇಷನ್ ಅಕ್ಕಿ ಒಯ್ಯುವವರಿಗೆ ಆ ಟ್ರೋಫಿಯೂ ಸಿಗುವುದಿಲ್ಲ, ಪಾಪ.

2003ರಲ್ಲಿ ಸಿಇಎ-2006 ಎಂಬ ಮಾನದಂಡ ಬಂತು. 14.4 ವೋಲ್ಟ್, 4 ಓಮ್, ವಿರೂಪ ಮತ್ತು ಗದ್ದಲ ಸೇರಿ ಶೇ. 1 ಮೀರಬಾರದು, ಆಗ ಬಂದದ್ದೇ ವ್ಯಾಟ್. ಅಚ್ಚುಕಟ್ಟಾಗಿದೆ. ಪಾಲಿಸುವುದು ಮಾತ್ರ ತಯಾರಕರ ಇಷ್ಟ. ಡ್ರ್ಯಾಗನ್ ಪೆಟ್ಟಿಗೆಯವರು ಇಷ್ಟಪಡಲಿಲ್ಲ.

ಪರೀಕ್ಷೆ ಮಾಡುವ ಹಟ ಇದ್ದವರಿಗೆ ದಾರಿ ಇದೆ. ವೂಫರ್ ಬಿಚ್ಚಿಡಿ. ಬಾಕ್ಸಿನೊಳಗಿನ 1 ಓಮ್ ವೂಫರ್ ಹಾಡುವಾಗ 3 ಓಮ್ ಆಗಿ ವರ್ತಿಸಬಹುದು, ಹಾಗಾಗಿ ಅದನ್ನು ನಂಬಿ ಲೆಕ್ಕ ಹಾಕುವಂತಿಲ್ಲ. ಬದಲಿಗೆ ಅಷ್ಟು ವ್ಯಾಟ್ ತಾಳುವ 4 ಓಮ್ ರೆಸಿಸ್ಟರ್ ಕಟ್ಟಿ, 50 ಹರ್ಟ್ಜ್ ಟೋನ್ ಹಾಕಿ, ಇಂಜಿನ್ ಚಾಲೂ ಇಟ್ಟು, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಆಸಿಲೋಸ್ಕೋಪಿನಲ್ಲಿ ಅಲೆಯ ತಲೆ ಚಪ್ಪಟೆಯಾಗುವ ಮುಂಚೆ ಮೀಟರ್ 20 ವೋಲ್ಟ್ ತೋರಿಸಿದರೆ 100 ವ್ಯಾಟ್, 40 ತೋರಿಸಿದರೆ 400. 3000 ವ್ಯಾಟಿಗೆ ಸುಮಾರು 110 ವೋಲ್ಟ್ ಬರಬೇಕು. ಅಷ್ಟು ಬಂದರೆ ಸ್ಪೀಕರ್ ತಂತಿಯನ್ನು ಬರಿಗೈಯಲ್ಲಿ ಮುಟ್ಟುವುದು ಅಪಾಯ. ಅಂಗಡಿಯ ಹುಡುಗ ಎರಡೂ ಟರ್ಮಿನಲ್ ಹಿಡಿದುಕೊಂಡೇ ವೈರ್ ತಿರುಚುತ್ತಾನೆ, ಆಂಪ್ ಆನ್ ಇದ್ದಾಗಲೂ. ಎಷ್ಟು ವ್ಯಾಟ್ ಅಂತ ಅವನಿಗೆ ಮೊದಲಿಂದಲೂ ಗೊತ್ತು.